ನಾನು ಬರೆದ ಹದಿನೆಂಟು

ಅಣ್ಣ ರ‍್ಯಾಲಿ ಕಾರಿಗೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಹಳೆಯ ಟರ್ಬೊ ತೆಗೆಸಿ ದೊಡ್ಡದನ್ನು ಹಾಕಿಸಿದ.

"ಗಾಳಿ ಒತ್ತಡ ಹದಿನೆಂಟಕ್ಕೆ ಇಡಿ ಮೇಸ್ತ್ರಿ."

"ಹನ್ನೆರಡು ದಾಟಿದ್ರೆ ಈ ಎಂಜಿನ್ ತಡೆಯಲ್ಲ ಕಣಪ್ಪ. ಘಾಟಿ ತಿರುವಲ್ಲಿ ಒಡೆದ್ರೆ ನೀನೂ ಇಲ್ಲ, ಪಕ್ಕದಲ್ಲಿ ಕೂತು ದಾರಿ ನಕ್ಷೆ ಓದೋ ನಿನ್ನ ತಂಗೀನೂ ಇಲ್ಲ."

"ಪುಕ್ಕಲರು ಸೈಕಲ್ ತುಳೀಲಿ. ನೀವು ಹದಿನೆಂಟು ಇಡಿ."

ಅವನು ಟೀ ಕುಡಿಯಲು ಹೋದಾಗ ಮೇಸ್ತ್ರಿ ಒತ್ತಡದ ಮೀಟರು ಬಿಚ್ಚಿ, ಅದರ ಮುಳ್ಳಿನ ಹಿಂದೆ ಕೂರಿಸಲು ಅಂಕಿಗಳಿಲ್ಲದ ಬಿಳಿ ತಗಡೊಂದನ್ನು ನನ್ನ ಕೈಗಿಟ್ಟರು.

"ನಿನ್ನ ಅಕ್ಷರ ಅಚ್ಚು ಹಾಕಿದಂಗಿದೆಯಲ್ಲವ್ವ. ಹನ್ನೆರಡು ಇರೋ ಜಾಗದಲ್ಲಿ ಹದಿನೆಂಟು ಅಂತ ಬರಿ. ಅವನಿಗೆ ಮಾತ್ರ ಹೇಳ್ಬೇಡ."

ಬರೆದೆ. ಹೇಳಲಿಲ್ಲ, ಹೇಳದೆ ಇರುವುದು ನನಗೆ ಕಷ್ಟವೂ ಅಲ್ಲ. ಮೂರು ತಿಂಗಳು ಮುಳ್ಳು ಹದಿನೆಂಟು ತೋರಿಸಿತು, ಎಂಜಿನ್ನು ಹನ್ನೆರಡರಲ್ಲೇ ಓಡಿತು, ಅಣ್ಣ ಮೀಸೆ ತಿರುವಿದ.

ಘಾಟಿಯ ಸ್ಪರ್ಧೆಯ ದಿನ ಬಾವುಟ ಇಳಿದದ್ದೇ ತಡ, ಕಾರು ಎಂದೂ ಇಲ್ಲದ ರಭಸದಲ್ಲಿ ಚಿಮ್ಮಿತು. ನನ್ನ ಬೆನ್ನು ಸೀಟಿಗೆ ಅಂಟಿತು.

"ಅಣ್ಣ, ಏನ್ ಮಾಡಿದೀಯ ಇದಕ್ಕೆ?"

"ಏನಿಲ್ಲ ಕಣೇ. ಹಳೇ ಮೀಟರು ಒಡೆದೋಯ್ತು, ಬೆಳಗ್ಗೆ ಹೊಸದು ಹಾಕ್ದೆ. ಬರೀ ಹನ್ನೆರಡು ತೋರಿಸ್ತಿತ್ತು, ನಾನೇ ಒತ್ತಡ ಏರಿಸಿ ನಮ್ಮ ಮಾಮೂಲಿ ಹದಿನೆಂಟಕ್ಕೆ ತಂದಿಟ್ಟೆ."