ಬಣ್ಣ ಹಿಡಿಯದ ಎಲುಬು

ಮೂರನೆಯ ತಟ್ಟೆಯಲ್ಲಿದ್ದ ಇಲಿಮರಿಗಳನ್ನು ಕಂಡು ಪ್ರತೀಕ್ಷಾ ತಟ್ಟೆಯ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದಳು. ಸತ್ತ ಮರಿಯ ಮೈಯನ್ನು ಪಾರದರ್ಶಕವಾಗಿಸಿ ಕೆಂಪು ಬಣ್ಣದಲ್ಲಿ ನೆನೆಸಿಟ್ಟರೆ ಬಲಿತ ಎಲುಬು ಕೆಂಪಾಗುತ್ತದೆ, ಬಲಿಯದ್ದು ಆಗುವುದಿಲ್ಲ. ಬಸುರಿನಲ್ಲಿ ಬೂಷ್ಟಿನ ವಿಷ ತಿಂದ ಇಲಿಗಳ ಮರಿಗಳಿಗೆ ಎದೆಯ ಎಲುಬು ಬಣ್ಣ ಹಿಡಿದಿರಲಿಲ್ಲ. ಅದು ಗೊತ್ತಿದ್ದದ್ದೇ. ಆದರೆ ಈ ತಟ್ಟೆಯ ಮರಿಗಳ ತಾಯಂದಿರಿಗೆ ಹಾಕಿದ್ದು ವಿಷವಿಲ್ಲದ ಆಹಾರ. ಅವುಗಳ ಎದೆಯೂ ಗಾಜಿನಂತೆ ಖಾಲಿಯಾಗಿತ್ತು.

"ಏಮ್ಮಾ, ತಟ್ಟೆ ಅದಲುಬದಲಾಯಿತಾ?" ವಿಶಾಖಪಟ್ಟಣದ ಆ ಪ್ರಯೋಗಾಲಯದ ಮುಖ್ಯಸ್ಥ ರಾಮಮೋಹನ್ ಬಗ್ಗಿ ನೋಡಿದರು.

"ಇಲ್ಲ ಸರ್." ಅವಳು ತಡವರಿಸಿದಳು. "ವಿಜಯವಾಡದಿಂದ ಆಹಾರದ ಚೀಲ ಬರೋದು ತಡವಾಯ್ತಲ್ಲ, ಆಗ ಇವಕ್ಕೆ ನಮ್ಮನೆ ಜೋಳ ಬೀಸಿ ಹಾಕಿದೆ. ನಿಮಗೆ ಹೇಳಲಿಲ್ಲ."

ರಾಮಮೋಹನ್ ಬೈಯಲಿಲ್ಲ. "ಆ ಜೋಳ ಒಂದು ಹಿಡಿ ತಗೊಂಡು ಬಾ" ಎಂದರಷ್ಟೇ.

ಮಗಳು ಬಸುರಿ, ಅಲ್ಲಿನ ಅನ್ನ ಅವಳಿಗೆ ಸೇರುತ್ತಿಲ್ಲ ಎಂದು ಅವ್ವ ಬಾಗಲಕೋಟೆ ಕಡೆಯ ತವರೂರಿನಿಂದ ಕಳಿಸಿದ ಜೋಳ ಅದು. ಮರುದಿನ ಸಂಜೆಗೆ ಪರೀಕ್ಷೆ ಮುಗಿಯಿತು. ಇಲಿಗಳಿಗೆ ತಾನೇ ಅಳೆದು ಹಾಕುತ್ತಿದ್ದ ವಿಷವೇ ಅದರಲ್ಲೂ ಇತ್ತು. ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ.

ರಾಮಮೋಹನ್ ಅವಳ ಹೊಟ್ಟೆಯತ್ತ ನೋಡಲಾರದೆ ಕಿಟಕಿಯತ್ತ ತಿರುಗಿದರು. "ನೀನೂ ಇದನ್ನೇ...?"

"ದಿನಾ ಎರಡು ರೊಟ್ಟಿ ಸರ್. ಮೂರು ತಿಂಗಳಿಂದ."

"ನಾಳೆಯೇ ಸ್ಕ್ಯಾನಿಂಗ್ ಮಾಡಿಸು. ಇಲಿಗಾದದ್ದು ಮನುಷ್ಯರಿಗೂ ಆಗಲೇಬೇಕು ಅಂತಿಲ್ಲಮ್ಮಾ." ತನ್ನ ಪ್ರಬಂಧದಲ್ಲಿ ಅವಳೇ ಬರೆದಿದ್ದ ವಾಕ್ಯ ಅದು. ಈಗ ಕಿವಿಗೆ ಬಿತ್ತೇ ಹೊರತು ಒಳಗಿಳಿಯಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಊರಿಗೆ ಫೋನ್ ಮಾಡಿದಳು.

"ಅವ್ವಾ, ನನಗ ಕಳಿಸಿದ್ಯಲ್ಲ, ಆ ಜೋಳ ಮನ್ಯಾಗ ಉಳದಿದ್ದು ಪೂರಾ ಚೆಲ್ಲಿಬಿಡು."

"ಚೆಲ್ಲೂದಾ? ಹುಚ್ಚಿ! ತೆನಿ ಇದ್ದಾಗ ಮಳಿ ಹೊಡದು ಒಂದೀಟು ಕಪ್ಪಾಗಿತ್ತು. ತೊಳದು ಒಣಗಿಸೇ ಕಳಿಸೀನಿ."

"ತೊಳದ್ರ ಹೋಗಾಂಗಿಲ್ಲವ್ವ. ಅದರಾಗ ವಿಷ ಐತಿ. ಬಸುರಿದ್ದಾಗ ತಿಂದ್ರ ಕೂಸಿನ ಎಲುಬು..." ಪ್ರತೀಕ್ಷಾ ಬಿಕ್ಕಿದಳು.

ಅವ್ವನೂ ಅಳುತ್ತಾಳೆಂದುಕೊಂಡಳು. ಅಳಲಿಲ್ಲ. ಅತ್ತ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ, ಪಕ್ಕದವರಿಗೆ ಕೇಳಬಾರದೆಂಬಂತೆ, ಅವ್ವ ಮೆಲ್ಲಗೆ ಅಂದಳು:

"ಮಳಿ ನಮ್ಮ ಹೊಲಕ್ಕಷ್ಟ ಬಿದ್ದಿಲ್ಲವ್ವ. ಈ ವರ್ಷ ಇಡೀ ಊರು ಅದನ್ನ ತಿನ್ನಾಕತ್ತೈತಿ."