ಬೆಲ್ಲ ಸವರಿದ ಸ್ಟೆತಾಸ್ಕೋಪು

ನಾಳೆ ಇಳಾಳ ಮೊದಲ ಹುಟ್ಟುಹಬ್ಬ. ಬಲೂನು ಬಂದಿತ್ತು, ಕೇಕಿಗೆ ಹೇಳಿಯಾಗಿತ್ತು. ಆ ದಿನ ಸರ್ಕಾರ ಕಳಿಸುವ ತಟ್ಟೆಯ ವಸ್ತುಗಳಲ್ಲಿ ಮಗು ಮೊದಲು ಯಾವುದನ್ನು ಮುಟ್ಟುತ್ತದೋ ಅದೇ ಅದರ ಜೀವಮಾನದ ಕೆಲಸ. ಅಧಿಕಾರಿ ಬರೆದುಕೊಂಡು ಹೋದಮೇಲೆ ಬದಲಾಯಿಸುವಂತಿಲ್ಲ.

ಅದಕ್ಕೇ ಅಜ್ಜಿ ಪುಟ್ಟಗೌರಮ್ಮ ಮೂರು ತಿಂಗಳಿಂದ ಹಳೆಯ ಸ್ಟೆತಾಸ್ಕೋಪಿಗೆ ಬೆಲ್ಲದ ಪಾಕ ಸವರಿ ಮೊಮ್ಮಗಳ ಮುಂದೆ ಇಡುತ್ತಿದ್ದರು. ಈಗ ಇಳಾ ಅದನ್ನು ಕಂಡರೆ ಸಾಕು, ಅಂಬೆಗಾಲಿಟ್ಟು ಬಂದು ಬಾಯಿಗಿಡುತ್ತಿದ್ದಳು.

ಮಧ್ಯಾಹ್ನ ತಟ್ಟೆಯ ಪೆಟ್ಟಿಗೆ ಬಂತು. ಎಲ್ಲರ ಮನೆಯಲ್ಲೂ ಮಾಡುವಂತೆ ಸೊಸೆ ಚಂದ್ರಿಕಾ ಅದರ ಸೀಲನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿದಳು.

"ಬೇಗ ತೆಗಿ ಕಣವ್ವ, ಬೆಲ್ಲ ಹಚ್ಬುಟ್ಟು ಮತ್ತೆ ಅಂಟಿಸ್ಬುಡನ," ಎಂದರು ಅತ್ತೆ.

ಹೋದ ವರ್ಷ ಪಕ್ಕದ ಮನೆಗೆ ಐದು ಬಗೆ ಬಂದಿದ್ದವು: ಪೆನ್ನು, ತಕ್ಕಡಿ, ಕುಡುಗೋಲು, ಸ್ಟೆತಾಸ್ಕೋಪು, ಬಂದೂಕಿನ ಗುಂಡು. ಚಂದ್ರಿಕಾ ಮುಚ್ಚಳ ತೆಗೆದಳು. ಈ ಸಲವೂ ಐದಿದ್ದವು. ಐದೂ ಗುಂಡುಗಳೇ.

"ಏನೋ ತಪ್ಪಾಗಿ ಕಳ್ಸವ್ರೆ ಅತ್ತೆ," ಎಂದಳು. ಆದರೆ ಎದುರುಮನೆಯ ಬಾಗಿಲಲ್ಲಿ ಇನ್ನೊಬ್ಬ ತಾಯಿ ಅಂಥದೇ ಪೆಟ್ಟಿಗೆ ತೆರೆದಿಟ್ಟುಕೊಂಡು ಅಳುತ್ತ ಕೂತಿದ್ದಳು.

ಪುಟ್ಟಗೌರಮ್ಮ ಐದನ್ನೂ ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿದರು. ಇನ್ನೊಂದು ಕೈಯಲ್ಲಿ ಬೆಲ್ಲದ ಬಟ್ಟಲು ಹಾಗೇ ಇತ್ತು.

"ಈಗ ಯಾವುದಕ್ಕೆ ಹಚ್ಲವ್ವ?"