ಮೋರಿಯ ಆಚೆ ಈಚೆ

ಹೈವೇ ಗಸ್ತಿನ ಜೀಪಿನಿಂದ ತಿಮ್ಮೇಶ್ ಇಳಿಯುವಷ್ಟರಲ್ಲಿ ಕಸ್ತೂರಮ್ಮ ಇನ್ನೂ ಎರಡು ಕಲ್ಲು ತಂದು ರಸ್ತೆಯ ನಡುವಿನ ಬಿಳಿ ಗೆರೆಯ ಮೇಲೆ ಕೂರಿಸಿದ್ದಳು. ಗೆರೆಯ ಎಡಕ್ಕೆ ಅವಳ ಮೆಕ್ಕೆಜೋಳ, ಬಲಕ್ಕೆ ಉಳಿದ ಲೋಕ. ಸೀರೆ ಎತ್ತಿ ಕಟ್ಟಿಕೊಂಡು, ಪಾದದಿಂದ ಕಾಳಿನಲ್ಲಿ ಸಾಲು ಎಳೆಯುತ್ತ, ಬಂದವನು ಪೊಲೀಸ್ ಹೌದೋ ಅಲ್ಲವೋ ಎಂದು ತಲೆ ಎತ್ತಿ ಸಹ ನೋಡಲಿಲ್ಲ.

"ಅಮ್ಮಾ, ಕಲ್ಲು ತೆಗಿರಿ ಅಂತ ಬೆಳಗ್ಗೆನೇ ಹೇಳಿದ್ನಲ್ಲ?"

"ಕಲ್ಲು ತೆಗೆದ್ರೆ ಲಾರಿ ನನ್ನ ಕಾಳಿನ ಮ್ಯಾಲೆ ಹತ್ತತಾವೆ ಸಾಹೇಬ್ರೇ. ಊರ ಕಣದಾಗೆ ಪಂಚಾಯ್ತಿ ಆಫೀಸು ಕಟ್ಟಿಸಿ ಕುಂತಾರೆ. ಮೋಡ ಬ್ಯಾರೆ ಆಗೈತೆ. ಬೂಷ್ಟು ಹಿಡಿದ್ರೆ ಕೋಳಿನೂ ಮೂಸಲ್ಲ. ಎಲ್ಲಿ ಒಣಗಿಸ್ಲಿ, ನಿಮ್ಮ ಜೀಪಿನ ಮ್ಯಾಲಾ? ಅಂದಂಗೆ ನಿಮ್ದು ಯಾವೂರು?"

"ಜಗಳೂರು."

"ಅಲ್ಲಿ ಎಲ್ಲಿ ಒಣಗಿಸ್ತಾರೆ?"

ತಿಮ್ಮೇಶ್ ಬಗ್ಗಿ ಒಂದು ಕಲ್ಲಿಗೆ ಕೈ ಹಾಕಿದ. ಊರಲ್ಲಿ ಅಣ್ಣನೂ ಟಾರು ರಸ್ತೆಯ ಮೇಲೇ ಹರವಿದ್ದಾನೆ ಎಂದು ಬೆಳಗ್ಗೆಯಷ್ಟೇ ಫೋನಿನಲ್ಲಿ ಕೇಳಿದ್ದ. ಆದರೆ ಕಳೆದ ಶುಕ್ರವಾರ ಇಂಥದೇ ಒಂದು ಕಲ್ಲಿಗೆ ಬೈಕು ಹತ್ತಿಸಿ ಬಿದ್ದ ಚನ್ನಗಿರಿಯ ಹುಡುಗನನ್ನು ಅವನೇ ಎತ್ತಿ ಜೀಪಿಗೆ ಹಾಕಿದ್ದ. ಹುಡುಗ ಆಸ್ಪತ್ರೆ ಮುಟ್ಟಲಿಲ್ಲ.  ಕತ್ತಲಾಗುವುದರೊಳಗೆ ಈ ತಿರುವಿನಲ್ಲಿ ಒಂದೂ ಕಲ್ಲು ಇರಬಾರದು, ತಿಮ್ಮೇಶನಿಗೆ ಬೇಕಾದದ್ದು ಇಷ್ಟೇ. ಎರಡು ಕಲ್ಲನ್ನು ತಾನೇ ಉರುಳಿಸಿದ. ಅವನು ಬೆನ್ನು ತಿರುಗಿಸುವಷ್ಟರಲ್ಲಿ ಅವು ಮತ್ತೆ ಗೆರೆಯ ಮೇಲಿದ್ದವು.

ಗಸ್ತಿನವನು ಬಿದ್ದವರನ್ನು ಎತ್ತಬಹುದು, ಸೀಟಿ ಊದಬಹುದು, ಸುದ್ದಿ ಮುಟ್ಟಿಸಬಹುದು. ಕೇಸು ಹಾಕುವ ಹಾಗಿಲ್ಲ, ಅದು ಠಾಣೆಯ ಕೆಲಸ. ತಿರುವಿನಲ್ಲಿ ರಸ್ತೆಯಡಿ ನೀರು ಹರಿಯುವ ಮೋರಿಯ ಪಕ್ಕ ನಿಂತು ತಿಮ್ಮೇಶ್ ಠಾಣೆಗೆ ಫೋನು ಮಾಡಿದ.

"ಮೋರಿಯಿಂದ ಆಚೆಗೋ ಈಚೆಗೋ?" ಎಂದು ಕೇಳಿದರು ಅಲ್ಲಿಂದ.

"ಆಚೆಗೆ, ಹತ್ತು ಹೆಜ್ಜೆ."

"ಹಂಗಾದ್ರೆ ನಮ್ಮ ಲಿಮಿಟ್ಸ್ ಅಲ್ಲ ಬಿಡ್ರಿ."

ಮೋರಿಯಾಚೆಯ ಠಾಣೆಗೆ ಮಾಡಿದ. ಪುಣ್ಯಕ್ಕೆ ಅವರು ಒಬ್ಬ ಪೇದೆಯನ್ನು ಕಳಿಸಿದರು, ಒಂದೂವರೆ ತಾಸಿನ ಮೇಲೆ. ಅಷ್ಟರಲ್ಲಿ ಕಸ್ತೂರಮ್ಮ ಕಾಳನ್ನೆಲ್ಲ ತಾಡಪಾಲಿಗೆ ಬಳಿದು, ದರದರ ಎಳೆದು, ಮೋರಿಯ ಈಚೆಗೆ ತಂದು ಹರವಿದ್ದಳು. ಕಲ್ಲುಗಳೂ ಹಿಂದೆಯೇ ಬಂದಿದ್ದವು. ಪೇದೆ ಬೈಕಿನಿಂದ ಇಳಿಯಲೇ ಇಲ್ಲ. "ಮೋರಿ ದಾಟೈತಲ್ಲಣ್ಣಾ, ಇದು ನಮ್ದಲ್ಲ," ಎಂದವನೇ ತಿರುಗಿಸಿಕೊಂಡು ಹೋದ. ಈಚೆಯ ಠಾಣೆಗೆ ಮತ್ತೆ ಮಾಡಿದರೆ, "ಆಗ್ಲೇ ಆಚೆಗೆ ಅಂದ್ರಲ್ರಿ?" ಎಂದು ಫೋನಿಟ್ಟರು. ರಸ್ತೆ ಇಲಾಖೆಯ ಎಂಜಿನಿಯರನ್ನು ಕೇಳಿದರೆ, "ಗುಂಡಿ ಬಿದ್ರೆ ನಮಗೆ ಹೇಳಿ, ಮ್ಯಾಲೆ ಕುಂತಿರೋದೆಲ್ಲ ಪೊಲೀಸ್ರದ್ದು," ಎಂದರು. ತಿಮ್ಮೇಶನಿಗೆ ಫೋನನ್ನು ಮೋರಿಯೊಳಕ್ಕೆ ಎಸೆದುಬಿಡೋಣ ಅನ್ನಿಸಿತು. ಹಾಗೆ ಎಸೆದರೂ ಅದು ಯಾವ ಠಾಣೆಗೆ ಸೇರುತ್ತದೋ!

"ನಿಮಗೆ ಈ ಸರಹದ್ದೆಲ್ಲ ಯಾರಮ್ಮಾ ಹೇಳಿಕೊಟ್ಟಿದ್ದು?"

"ಹನ್ನೆರಡು ವರ್ಷದಿಂದ ಇಲ್ಲೇ ಒಣಗಿಸ್ತೀನಿ ನಮ್ಮಪ್ಪಾ. ನಿಮಗಾದ್ರೆ ಎರಡು ವರ್ಷಕ್ಕೆ ವರ್ಗ ಆಗತೈತೆ."

ಹೋದ ತಿಂಗಳು ತರಬೇತಿಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಪರದೆಯ ಮೇಲೆ ದೇಶ ದೇಶದ ಹೆದ್ದಾರಿ ತೋರಿಸಿದ್ದರು. ಒಂದು ದೇಶದಲ್ಲಿ ಹೆದ್ದಾರಿಗೇ ಬೇರೆ ಪಡೆಯಂತೆ, ಕೇಸು, ದಸ್ತಗಿರಿ ಎಲ್ಲ ಅವರದೇ. ಇನ್ನೊಂದರಲ್ಲಿ ಪೊಲೀಸರೇ ಅಲ್ಲದವರು ಮಿಂಚುವ ಜಾಕೆಟ್ ತೊಟ್ಟು ರಸ್ತೆಗೆ ನಿಂತು ಕೈ ಅಡ್ಡ ಹಿಡಿಯುತ್ತಾರಂತೆ, ವಾಹನ ನಿಲ್ಲುತ್ತದಂತೆ. ಆಗ ಎಲ್ಲರ ಜೊತೆ ತಿಮ್ಮೇಶನೂ ನಕ್ಕಿದ್ದ. ಈಗ ನಗು ಬರಲಿಲ್ಲ, ಹೊಟ್ಟೆ ಉರಿಯಿತು.

ಹೊತ್ತು ಮುಳುಗಿತು. ಬೇರೆ ದಾರಿ ಕಾಣದೆ ತಿಮ್ಮೇಶ್ ಡ್ರೈವರಿಗೆ ಹೇಳಿ ಜೀಪನ್ನು ಕಲ್ಲುಗಳ ಹಿಂದೆಯೇ ಅಡ್ಡ ಹಾಕಿಸಿ, ಮೇಲಿನ ಕೆಂಪು ನೀಲಿ ದೀಪ ಹೊತ್ತಿಸಿದ. "ದೇವ್ರು ಕಣಪ್ಪಾ ನೀನು," ಎಂದು ಕಸ್ತೂರಮ್ಮ ಕಾಳಿನ ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಬಿಚ್ಚಿದಳು. "ನಿನ್ನ ಜೋಳ ಕಾಯಾಕೆ ಬಂದಿಲ್ಲಮ್ಮ ನಾನು!" ಎಂದು ರೇಗುವಷ್ಟರಲ್ಲಿ ವೈರ್‌ಲೆಸ್ ಕೂಗಿತು: ಸವಳಂಗದ ಹತ್ತಿರ ಟ್ರ್ಯಾಕ್ಟರ್ ಮಗುಚಿದೆ, ಕೆಳಗೆ ಇಬ್ಬರು ಸಿಕ್ಕಿಕೊಂಡಿದ್ದಾರೆ, ತಕ್ಷಣ ಹೊರಡಿ.

ತಿಮ್ಮೇಶ್ ಕಲ್ಲುಗಳನ್ನು ನೋಡಿದ, ಮಬ್ಬುಗತ್ತಲನ್ನು ನೋಡಿದ. ಆಮೇಲೆ ತನ್ನ ಮಿಂಚುವ ಜಾಕೆಟ್ ಬಿಚ್ಚಿ ಕಸ್ತೂರಮ್ಮನಿಗೆ ತೊಡಿಸಿ, ಕೆಂಪು ದೀಪದ ಕೋಲನ್ನು ಕೈಗೆ ಕೊಟ್ಟ.

"ನಾನು ಬರೋತನಕ ಇಲ್ಲಿಂದ ಕದಲಬಾರದು. ಗಾಡಿ ಬಂದ್ರೆ ಹಿಂಗೆ ಬೀಸು. ನಿನ್ನ ಕಲ್ಲು, ನೀನೇ ಕಾಯಿ."

ಅವಳು ಎಲೆ ಅಡಿಕೆ ಉಗಿದು, ಜಾಕೆಟ್ಟಿನ ಗುಂಡಿ ಹಾಕಿಕೊಂಡು ಕೇಳಿದಳು: "ಮೋರಿ ಆಚೆಗೆ ನಿಂದ್ರಲೋ, ಈಚೆಗೆ ನಿಂದ್ರಲೋ?"

"ಎಲ್ಲಾರ ನಿಂದ್ರಮ್ಮ!"

ಡ್ರೈವರ್ ಶರಣು ಜೀಪು ಹೊರಡಿಸಿದ. ಎದುರಿನಿಂದ ಬಂದ ಲಾರಿಯೊಂದು ತಿರುವಿನ ಕಡೆಗೆ ರೊಯ್ಯನೆ ಹೋಯಿತು. ತಿಮ್ಮೇಶ್ ಬಗ್ಗಿ ಜೀಪಿನ ಕನ್ನಡಿ ನೋಡಿದ. ಕಸ್ತೂರಮ್ಮ ಕೋಲು ಬೀಸುತ್ತ ಗಾಬರಿಯಲ್ಲಿ ಹಿಂದೆ ಸರಿದಳು, ತನ್ನದೇ ಕಲ್ಲು ಎಡವಿ ಧೊಪ್ಪನೆ ಕುಳಿತಳು. ಲಾರಿ ಕಿರುಗುಟ್ಟಿ ಅವಳಿಂದ ಮಾರು ದೂರದಲ್ಲಿ ನಿಂತಿತು.

"ನಿಲ್ಲಿಸ್ಲಾ ಸಾರ್?"

"ತಡಿ."

ಕಸ್ತೂರಮ್ಮ ಮೆಲ್ಲಗೆ ಎದ್ದಳು. ಲಾರಿಯ ಬೆಳಕಿನಲ್ಲಿ ಕಾಲ ಬಳಿಯ ಕಲ್ಲನ್ನು ಸ್ವಲ್ಪ ಹೊತ್ತು ನೋಡಿದಳು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿ, ಎರಡೂ ಕೈಯಲ್ಲಿ ಅದನ್ನು ರಸ್ತೆಯಿಂದ ಆಚೆಗೆ ಉರುಳಿಸಿದಳು. ಆಮೇಲೆ ಅದರ ಪಕ್ಕದ್ದನ್ನು.

"ಹೊರಡು," ಎಂದ ತಿಮ್ಮೇಶ್. ಕಲ್ಲು ಉರುಳಿದ್ದು ಮೋರಿಯ ಯಾವ ಕಡೆಗೆ ಎಂದು ಅವನು ನೋಡಲು ಹೋಗಲಿಲ್ಲ.